ಮಾತು ಕೇಳುವ ಆಕ್ಸಲ್

ಕಿವಿಯ ಮೇಲೆ ಹೂವಿಡುವವರನ್ನು ಎಲ್ಲರೂ ಕಂಡಿದ್ದಾರೆ. ಇದು ಕಿವಿಯ ಒಳಗೇ ಹೂವಿಟ್ಟವಳ ಕಥೆ. ಎಲ್ಲ ನಡೆದದ್ದು ನಡೆದ ಹಾಗೇ ಇದೆ. ಎಲ್ಲಾದರೂ ಸುಳ್ಳು ಕೇಳಿಸಿದರೆ ಅದು ಹೇಳುವವರದ್ದಲ್ಲ, ಹಿಂದಿನ ಸೀಟಿನಲ್ಲಿ ಕೂತಿದ್ದವಳದ್ದು.

ಕಿವಿಯೂ ಅಂಥಿಂಥದ್ದಲ್ಲ, ಮೇಸ್ತ್ರಿಯ ಕಿವಿ. ಕಾರು ಗ್ಯಾರೇಜಿನ ಮುಂದೆ ಬಂದು ನಿಲ್ಲುವ ಮೊದಲೇ, ಒಳಗೆ ಚಹಾ ಹೀರುತ್ತಾ ಕೂತ ಮೇಸ್ತ್ರಿ, "ಎಡಗಡೆ ಮುಂದಿನ ಬೇರಿಂಗು. ಫ್ಯಾನ್ ಬೆಲ್ಟೂ ಸಡಿಲ. ಓಡಿಸೋರಿಗೆ ಸಿಟ್ಟು ಜಾಸ್ತಿ," ಎಂದುಬಿಡುತ್ತಿದ್ದರು. ಮೂರೂ ನಿಜವಾಗಿರುತ್ತಿದ್ದವು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿ ಅವರು ಕಣ್ಣು ಮುಚ್ಚಿದರೆಂದರೆ ಗ್ಯಾರೇಜಿನಲ್ಲಿ ಸ್ಪ್ಯಾನರಿಗೂ ಕೆಳಗೆ ಬೀಳಲು ಭಯ. ಜನ ಅವರನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಆ ಕಿವಿಯ ಮೇಲೆ ಈಗ ಮೇಸ್ತ್ರಿಗೇ ಅನುಮಾನ ಹುಟ್ಟಿತ್ತು. ಹೋದ ತಿಂಗಳು ಹಲ್ಲಿನ ಡಾಕ್ಟರ ಕಾರನ್ನು ಪೂರ್ತಿ ಸರಿಮಾಡಿ, ಇನ್ನು ಚಿಂತೆಯಿಲ್ಲ ಎಂದು ಕೀ ಕೊಟ್ಟಾಗ ಡಾಕ್ಟರು ಸಂಕೋಚದಿಂದ, "ಒಳಗೇನೋ ಟಕಟಕ ಅಂತಿದೆಯಲ್ಲ?" ಎಂದಿದ್ದರು. ಎಂಜಿನ್ನಿನ ಕವಾಟ ಎತ್ತುವ ಟ್ಯಾಪೆಟ್ ಸಡಿಲವಾಗಿತ್ತು. ಮನುಷ್ಯರ ಹಲ್ಲು ನೋಡುವವರಿಗೆ ಕೇಳಿಸಿದ್ದು ಗೇರಿನ ಹಲ್ಲು ನೋಡುವವರಿಗೆ ಕೇಳಿಸಿರಲಿಲ್ಲ! ಅಂದಿನಿಂದ ಮೇಸ್ತ್ರಿ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು, ಕೈಗಡಿಯಾರವನ್ನು ಒಮ್ಮೆ ಎಡಗಿವಿಗೆ ಒಮ್ಮೆ ಬಲಗಿವಿಗೆ ಹಿಡಿದು ನೋಡುವುದನ್ನು ಕಲಿತಿದ್ದರು. ಕೈ ಎಲ್ಲರಿಗೂ ಇದೆ, ಸ್ಪ್ಯಾನರ್ ಎಲ್ಲರ ಹತ್ತಿರವೂ ಇದೆ. ಕಿವಿ ಹೋದರೆ ತನ್ನಲ್ಲಿ ಉಳಿಯುವುದೇನು? ಈ ಪ್ರಶ್ನೆಯನ್ನು ಹೆಂಡತಿಯ ಮುಂದೂ ಬಾಯಿಬಿಟ್ಟಿರಲಿಲ್ಲ.

ಮನೆತನಕ್ಕೆ ಒಂದು ಕಿವಿ ಇದ್ದ ಹಾಗೆ ಒಂದು ಬಾಯಿಯೂ ಇತ್ತು. ಅದು ಅವರ ನಾದಿನಿಯದು, ಅಂದರೆ ಹೆಂಡತಿಯ ತಂಗಿಯದು. ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಆಕೆ ಕುಕ್ಕರಿನ ಸೀಟಿ, ಪಕ್ಕದ ಮನೆಯವರ ಆಕಳಿಕೆ, ಸ್ವತಃ ಮೇಸ್ತ್ರಿ ಗಂಟಲು ಸರಿಮಾಡಿಕೊಳ್ಳುವ ಕ್ರಮ, ಯಾವುದನ್ನೂ ಅನುಕರಿಸದೆ ಬಿಟ್ಟವಳಲ್ಲ. ತುಟಿ ಅಲುಗಿಸದೆ ಮೂಗಿನಲ್ಲೇ ಮುಗಿಸುವುದು ಅವಳ ಹೆಚ್ಚುಗಾರಿಕೆ. ಕಾರು ಕೆಟ್ಟಾಗಲೆಲ್ಲ ಗ್ಯಾರೇಜಿಗೆ ಬಂದು ಏನಾಗಿದೆಯೆಂದು ಹೇಳುವ ಬದಲು ಆ ಶಬ್ದವನ್ನೇ ಮಾಡಿ ತೋರಿಸುತ್ತಿದ್ದಳು.

"ಸಾಕು ಮಾಡಮ್ಮ," ಎನ್ನುತ್ತಿದ್ದರು ಮೇಸ್ತ್ರಿ. "ಕಾರಿನ ಕಾಯಿಲೆ ಬಾಯಲ್ಲಿ ಹಾಡೋದಲ್ಲ, ಕಿವೀಲಿ ಕೇಳೋದು."

"ಆಗಲಿ ಭಾವ. ಒಂದಿನ ಕೇಳಿಸ್ತೀನಿ."

ಆ ದಿನ ಬಂತು. ನೂರಾರು ಶಿಷ್ಯರು ಕ್ಲಚ್ಚನ್ನು ಬಿಸಿ ಪಾತ್ರೆಯಂತೆ ದಡಕ್ಕನೆ ಬಿಟ್ಟು ಬಿಟ್ಟು, ಅವಳ ಹಳೇ ಕಾರಿನ ಹಿಂದಿನ ಚಕ್ರ ತಿರುಗಿಸುವ ಆಕ್ಸಲ್ಲಿನ ಗೇರುಗಳು ಸವೆದುಹೋಗಿದ್ದವು. ಮೇಸ್ತ್ರಿ ಎರಡು ದಿನ ಕೂತು ಹೊಸ ಜೋಡಿ ಹಾಕಿದರು. ದೊಡ್ಡ ಬಳೆಯಂಥ ಕ್ರೌನು, ಅದನ್ನು ತಿರುಗಿಸುವ ಪುಟ್ಟ ಪಿನಿಯನ್ನು. ಇವೆರಡೂ ಒಂದಕ್ಕೊಂದು ತೀರಾ ಹತ್ತಿರವಾದರೂ ಕಿರುಚಾಟ, ತೀರಾ ದೂರವಾದರೂ ಕಿರುಚಾಟ, ಸಂಸಾರದ ಹಾಗೆಯೇ. ಹಲ್ಲುಗಳಿಗೆ ಹಳದಿ ಬಣ್ಣ ಬಳಿದು ತಿರುಗಿಸಿ, ಉಜ್ಜಿದ ಗುರುತು ಪ್ರತಿ ಹಲ್ಲಿನ ನಟ್ಟನಡುವೆ ಬಿದ್ದದ್ದನ್ನು, ಅಂದರೆ ಜೋಡಿ ಸರಿಯಾಗಿ ಕೂತದ್ದನ್ನು, ನೋಡಿಯೇ ಅವರು ಮುಚ್ಚಳ ಬಿಗಿದದ್ದು.

ಮಧ್ಯಾಹ್ನ ಗೋದಾಮುಗಳ ಹಿಂದಿನ ನೇರ ರಸ್ತೆಯಲ್ಲಿ ಓಡಿಸಿ ನೋಡಲು ಹೊರಟರು. ಸ್ಟಿಯರಿಂಗ್ ಹಿಡಿದು ಮೇಸ್ತ್ರಿ, ಪಕ್ಕದಲ್ಲಿ ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದ ಹೆಂಡತಿ, ಹಿಂದೆ ಸರಿಯಾಗಿ ಆಕ್ಸಲ್ಲಿನ ಮೇಲೆಯೇ ನಾದಿನಿ. ನೋಟ್‌ಬುಕ್ಕಿಗೂ ಕಾರಣವಿತ್ತು. ಮೊದಲು ಹೇಳು, ಆಮೇಲೆ ಮಾಡು, ಕೊನೆಗೆ ಬರೆ ಎಂದು ಮೇಸ್ತ್ರಿಗೆ ಕೆಲಸ ಕಲಿಸಿದ ಗುರು ಹೇಳಿಕೊಟ್ಟಿದ್ದರು. ಏನು ಮಾಡುತ್ತೇನೆ, ಮಾಡಿದರೆ ಯಾವ ಶಬ್ದ ಬರಬೇಕು, ಬಂದರೆ ಏನರ್ಥ ಎಂದು ಗಟ್ಟಿಯಾಗಿ ಹೇಳದೆ ಮೇಸ್ತ್ರಿ ಯಾವ ಪರೀಕ್ಷೆಯನ್ನೂ ಮಾಡುತ್ತಿರಲಿಲ್ಲ. ಹೆಂಡತಿ ಬರೆದುಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷದಿಂದ ನಡೆದುಬಂದ ಪದ್ಧತಿ.

ವೇಗ ನಲವತ್ತು ದಾಟಿತು. ಹಿಂದಿನಿಂದ ಸಣ್ಣಗೆ ಎದ್ದಿತು: ಊಂಂಯ್ಯ್ಯ್...

ಮೇಸ್ತ್ರಿಯ ಬೆನ್ನು ನೆಟ್ಟಗಾಯಿತು. "ಕೇಳಿಸ್ತೇನೇ?"

"ಏನು ರೀ?" ಎಂದಳು ಹೆಂಡತಿ.

"ಶಬ್ದ!"

"ಯಾವ ಶಬ್ದ? ನನಗೇನೂ ಕೇಳಿಸ್ತಿಲ್ಲಪ್ಪ."

"ನನಗೂ ಇಲ್ಲ ಭಾವ," ನಾದಿನಿ ಹಿಂದಿನಿಂದ ದನಿಗೂಡಿಸಿದಳು. ಅವಳು ಮಾತಾಡುವಷ್ಟು ಹೊತ್ತು ಶಬ್ದವೂ ಮರ್ಯಾದೆಯಿಂದ ಸುಮ್ಮನಿತ್ತು. "ಬೆಣ್ಣೆ ಹಾಗೆ ಓಡ್ತಿದೆ."

ಮೇಸ್ತ್ರಿ ಲೆಕ್ಕ ಹಾಕಿದರು. ಇಬ್ಬರಿಗೂ ಕೇಳಿಸದ್ದು ತನಗೊಬ್ಬನಿಗೇ ಕೇಳಿಸುತ್ತಿದೆ. ಅಂದರೆ ಗೇರು ಕೂಗುತ್ತಿಲ್ಲ, ಕಿವಿ ಕೂಗುತ್ತಿದೆ. ಇದ್ದದ್ದು ಕೇಳಿಸದೆ ಹೋದದ್ದು ಸಾಲದೆಂದು ಈಗ ಇಲ್ಲದ್ದು ಬೇರೆ!

ಆದರೂ ಅಭ್ಯಾಸ ಬಿಡಲಿಲ್ಲ. "ಬರ್ಕೋ. ಈಗ ಆಕ್ಸಿಲರೇಟರ್ ಒತ್ತುತ್ತೀನಿ. ಎಳೆತಕ್ಕೆ ಜಾಸ್ತಿ ಆದರೆ ಪಿನಿಯನ್ ಕೂತಿರೋದು ತಪ್ಪು." ಒತ್ತಿದರು. ಜಾಸ್ತಿಯಾಯಿತು. "ಈಗ ಕಾಲು ತೆಗೀತೀನಿ. ನಿಂತರೆ ಅದೇ ಗ್ಯಾರಂಟಿ." ತೆಗೆದರು. ಕತ್ತರಿಸಿದ ಹಾಗೆ ನಿಂತಿತು.

ಗ್ಯಾರೇಜಿಗೆ ವಾಪಸು ಬಂದು ಕಾರೆತ್ತಿ, ಎಣ್ಣೆ ಇಳಿಸಿ, ಮುಚ್ಚಳ ಬಿಚ್ಚಿ, ಮತ್ತೆ ಹಳದಿ ಬಳಿದು ನೋಡಿದರು. ಗುರುತು ಹಲ್ಲಿನ ನಟ್ಟನಡುವೆ, ಹಣೆಗಿಟ್ಟ ಬೊಟ್ಟಿನಂತೆ. ಕಣ್ಣು ಸರಿ ಅನ್ನುತ್ತಿದೆ, ಕಿವಿ ತಪ್ಪು ಅನ್ನುತ್ತಿದೆ. ಒಳಗೆ ಬಿಡಿಭಾಗಗಳ ಕೋಣೆಯಿಂದ ಅಕ್ಕತಂಗಿಯರು ಕಿಸಕ್ಕೆಂದದ್ದು ಸ್ಪಷ್ಟವಾಗಿ ಕೇಳಿಸಿತು. ಯಾವುದೋ ಮನೆಯ ಮಾತಿರಬೇಕೆಂದುಕೊಂಡರು. ಹೆಂಡತಿ ಬಟ್ಟೆ ತಂದುಕೊಟ್ಟಾಗ ಕೈ ಒರೆಸಿಕೊಳ್ಳುತ್ತಾ, "ಲೇ, ನನ್ನ ಕಿವಿ..." ಎಂದು ಶುರುಮಾಡಿದರು.

"ಏನಾಯ್ತು ರೀ ಕಿವಿಗೆ?"

"ಏನಿಲ್ಲ. ಎಣ್ಣೆ ತುಂಬಿಸ್ತೀನಿ. ಇನ್ನೊಂದು ಸುತ್ತು ಹೋಗೋಣ."

ಎರಡನೇ ಸುತ್ತಿನಲ್ಲಿ ಶಬ್ದ ಇನ್ನೂ ಹುರುಪಾಗಿತ್ತು. ಮೇಸ್ತ್ರಿ ಒಂದೊಂದನ್ನೇ ಹೇಳುತ್ತಾ ಹೋದರು. "ಚಕ್ರದ ಬೇರಿಂಗಾದರೆ ಎಡಕ್ಕೆ ತಿರುಗಿದಾಗ ಹೆಚ್ಚುತ್ತೆ." ತಿರುಗಿಸಿದರು; ಹೆಚ್ಚಿತು. "ಟೈರಾದರೆ ಡಾಂಬರು ಬಿಟ್ಟು ಮಣ್ಣಿಗೆ ಇಳಿದಾಗ ದನಿ ಬದಲಾಗುತ್ತೆ." ಇಳಿಸಿದರು, ಬದಲಾಯಿತು. ಗೇರಿನ ರೋಗ, ಬೇರಿಂಗಿನ ರೋಗ, ಟೈರಿನ ರೋಗ ಎಲ್ಲ ಒಂದೇ ಕಾರಿಗೆ, ಒಂದೇ ಮಧ್ಯಾಹ್ನ. ಹೆಂಡತಿ ತುಟಿ ಕಚ್ಚಿಕೊಂಡು ಬರೆಯುತ್ತಿದ್ದಳು. ಮುಗಿಯಿತು ನನ್ನ ಕಥೆ ಎಂದುಕೊಂಡರು ಮೇಸ್ತ್ರಿ. ನಾಳೆಯಿಂದ ಪಂಕ್ಚರ್ ಹಾಕುವುದೊಂದೇ ದಾರಿ. ನೀರಿನಲ್ಲಿ ಏಳುವ ಗುಳ್ಳೆಗೆ ಕಣ್ಣಿದ್ದರೆ ಸಾಕು.

ಅಷ್ಟರಲ್ಲಿ ಗೋದಾಮಿನ ಸಂದಿಯಿಂದ ಒಂದು ನಾಯಿ ಅಡ್ಡ ಬಂತು. ಹೇಳಲು ಪುರುಸೊತ್ತಿಲ್ಲದೆ ಮೇಸ್ತ್ರಿ ಕಾಲು ತೆಗೆದು ಬ್ರೇಕ್ ಒತ್ತಿದರು. ಕಾರು ನಿಂತಿತು. ನಾಯಿ ದಾಟಿತು. ಆಕ್ಸಲ್ ಮಾತ್ರ, ನಿಂತ ಕಾರಿನಲ್ಲಿ, ಅರೆಗಳಿಗೆ ಊಂಂಯ್ ಎಂದು ಹಾಡಿ, ಏನೋ ನೆನಪಾದವರಂತೆ ಗಪ್ಪೆಂದಿತು.

ಮೇಸ್ತ್ರಿ ಮೆಲ್ಲಗೆ ಕಾರು ಬಿಟ್ಟು ಮತ್ತೆ ನಲವತ್ತು ದಾಟಿಸಿದರು. "ಬರ್ಕೋ," ಎಂದರು. "ಈಗ ಜೋರಾಗಿ ಒತ್ತುತ್ತೀನಿ." ಹೇಳಿ, ಒತ್ತುವ ಬದಲು ಕಾಲನ್ನು ಪೂರ್ತಿ ಎತ್ತಿಬಿಟ್ಟರು. ಎಂಜಿನ್ ಇಳಿಯಿತು. ಶಬ್ದ ಏರಿತು!

ಅಂದರೆ ಈ ಗೇರು ಕಾಲಿನ ಮಾತು ಕೇಳುತ್ತಿಲ್ಲ, ಬಾಯಿಯ ಮಾತು ಕೇಳುತ್ತಿದೆ. ಮೇಸ್ತ್ರಿ ಕನ್ನಡಿಯಲ್ಲಿ ನೋಡಿದರು. ನಾದಿನಿ ಕಿಟಕಿಯಾಚೆಗೆ ಮುಖ ಮಾಡಿ, ಲೋಕದ ಗೊಡವೆಯೇ ಇಲ್ಲದವಳಂತೆ ಕೂತಿದ್ದಳು. ತುಟಿ ಹೊಲಿದಂತಿತ್ತು. ಗಂಟಲು ಮಾತ್ರ ಕಪ್ಪೆಯದ್ದರ ಹಾಗೆ ಮಿಡಿಯುತ್ತಿತ್ತು.

ಮೇಸ್ತ್ರಿ ದನಿಯಲ್ಲಿ ಗಾಂಭೀರ್ಯ ತುಂಬಿಕೊಂಡರು. "ಬರ್ಕೋ. ಪಿನಿಯನ್ನಿನ ನಟ್ ಸಡಿಲವಾಗಿದ್ದರೆ ಈಗ ಮೂರು ಸಲ ಟಕ್ ಅನ್ನುತ್ತೆ."

ಟಕ್. ಟಕ್. ಟಕ್.

"ಹೂಂ. ಎಣ್ಣೆ ಕಮ್ಮಿ ಆಗಿದ್ದರೆ, ಹಸಿದ ಬೆಕ್ಕು ಕೂಗಿದ ಹಾಗೆ ಕೇಳಿಸ್ಬೇಕು."

ಹೆಂಡತಿಯ ಪೆನ್ಸಿಲ್ಲು ನಿಂತಿತು. ಆಮೇಲೆ ಆಕ್ಸಲ್ಲಿನ ಆಳದಿಂದ, ಬಹಳ ಯೋಚಿಸಿ ಹೊರಟಂತೆ, ಒಂದು ಎಳೆಯ ಮಿಯಾಂವ್.

"ಅಯ್ಯೋ, ಹಾಗಾದರೆ ಕೊನೇದೊಂದೇ ಉಳೀತು. ಕ್ರೌನಿನ ಹಲ್ಲೇ ಮುರಿದಿದ್ದರೆ ಗೇರು, 'ಭಾವ, ನಂದು ತಪ್ಪಾಯ್ತು' ಅನ್ನುತ್ತೆ. ಹಾಗಂತ ನಮ್ಮ ಗುರುಗಳು ಹೇಳಿದ್ದು."

ರಸ್ತೆ ಸರಿಯಿತು. ಒಂದು ಗೋದಾಮು ಹೋಯಿತು, ಎರಡನೆಯದು ಹೋಯಿತು. ಆಗ ಅದೇ ಗೇರಿನ ಅದೇ ಕೊರಗಿನ ರಾಗದಲ್ಲಿ ಹಿಂದಿನಿಂದ ಬಂತು: "ಭಾಂಂವಾ... ನಂದೂಂಂ ತಪ್ಪಾಯ್ಯ್ಯ್ತು..."

ಹೆಂಡತಿ ನೋಟ್‌ಬುಕ್ಕನ್ನು ಮುಖಕ್ಕೆ ಒತ್ತಿಕೊಂಡು ಡ್ಯಾಶ್‌ಬೋರ್ಡಿನ ಮೇಲೆ ಬಿದ್ದಳು. ನಾದಿನಿ ಸೀಟಿನಲ್ಲೇ ಅಡ್ಡಲಾದಳು. ಮೇಸ್ತ್ರಿ ಕಾರನ್ನು ಬದಿಗೆ ಹಾಕಿ ಎಂಜಿನ್ ಆರಿಸಿದರು. ಅವರಿಗೆ ನಗು ಬರಲಿಲ್ಲ. ಕೈ ಸ್ಟಿಯರಿಂಗಿನ ಮೇಲೆಯೇ ಇತ್ತು.

"ಹಾಗಾದರೆ ಶಬ್ದ ಇತ್ತು," ಎಂದರು.

"ಇತ್ತು ರೀ, ಇತ್ತು!" ಹೆಂಡತಿ ಕಣ್ಣೊರೆಸಿಕೊಂಡಳು.

"ಮೊದಲನೇ ಸಲಾನೂ ಇತ್ತು? ನಿನಗೂ ಕೇಳಿಸಿತ್ತು?"

"ನಾನೇನು ಕಿವುಡೀನಾ?"

"ನಾನು ಕಿವುಡ ಆದೆ ಅಂದ್ಕೊಂಡಿದ್ದೆ ಕಣೇ." ಮೇಸ್ತ್ರಿಯ ದನಿ ಸಣ್ಣಗಾಗಿತ್ತು. "ಆ ಹಲ್ಲಿನ ಡಾಕ್ಟರ ಕಾರಿನ ಟ್ಯಾಪೆಟ್ ಕೇಳಿಸಲಿಲ್ವಲ್ಲ, ಆವತ್ತಿಂದ."

ಕಾರಿನಲ್ಲಿ ನಗು ನಿಂತಿತು. ನಾದಿನಿ ನೆಟ್ಟಗೆ ಕೂತಳು. "ಭಾವ, ನಿಮ್ಮಾಣೆ ಗೊತ್ತಿರಲಿಲ್ಲ. ಗೊತ್ತಿದ್ರೆ..."

ಹೆಂಡತಿ ಮಾತ್ರ ಗಂಡನನ್ನೇ ನೋಡುತ್ತಿದ್ದಳು. "ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ? ಹೇಳಿದ್ರೆ ಆಗಲೇ ಮುಗೀತಿತ್ತು. ಆ ವಾರ ನೆಗಡಿ ಅಂತ ಎರಡು ಕಿವಿಗೂ ಹತ್ತಿ ತುರುಕಿಕೊಂಡು ಓಡಾಡ್ತಿದ್ರಲ್ಲ, ಮರೆತುಹೋಯ್ತಾ? ಊಟಕ್ಕೆ ಬನ್ನಿ ಅಂತ ಕೂಗಿ ಕೂಗಿ ನನ್ನ ಗಂಟಲು ಹೋಯ್ತು. ಕೊನೆಗೆ ಹತ್ತಿ ತೆಗೆದು ಬಿಸಾಕಿದ್ದು ನಾನೇ, ನೀವು ನಿದ್ದೆ ಮಾಡ್ತಿದ್ದಾಗ!"

ಮೇಸ್ತ್ರಿ ಕಿವಿಗೆ ಬೆರಳು ಹಾಕಿ ನೋಡಿಕೊಂಡರು. ಹತ್ತಿ. ಒಂದು ತಿಂಗಳು ಬಚ್ಚಲಿನಲ್ಲಿ ಗಡಿಯಾರ ಹಿಡಿದು ನಿಂತದ್ದು ಚಿಟಿಕೆ ಹತ್ತಿಗಾಗಿ! ಕಿವಿಗೆ ಏನೂ ಆಗಿಲ್ಲ. ಬಾಯಿಯ ಶಬ್ದವನ್ನೂ ಕೇಳಿತು, ಅದರ ಕಳ್ಳತನವನ್ನೂ ಹಿಡಿಯಿತು. ಎಲ್ಲೋ ಹೊಟ್ಟೆಯ ತಳದಲ್ಲಿ ಸೆಲ್ಫ್ ಹೊಡೆದಂತಾಯಿತು. ಒಂದು ಸಲ ಕೆಮ್ಮಿತು, ಎರಡು ಸಲ ಕೆಮ್ಮಿತು, ಆಮೇಲೆ ಹತ್ತಿಕೊಂಡಿತು ನೋಡಿ! ಮೇಸ್ತ್ರಿ ಸ್ಟಿಯರಿಂಗಿಗೆ ಹಣೆ ಕೊಟ್ಟು ನಕ್ಕರು, ಹಣೆ ತಾಗಿ ಹಾರ್ನ್ ಹೊಡೆದುಕೊಂಡರೂ ನಕ್ಕರು.

"ಇದನ್ನ ಬರ್ಕೊಳ್ಲಾ?" ಎಂದಳು ಹೆಂಡತಿ.

"ಬರ್ಕೋ," ಎಂದರು ಮೇಸ್ತ್ರಿ ಉಸಿರೆಳೆದುಕೊಂಡು. "ಆಕ್ಸಲ್ ಸರಿಯಾಗಿದೆ. ಹಿಂದಿನ ಸೀಟು ಬದಲಾಯಿಸಬೇಕು."

ಅಕ್ಕತಂಗಿಯರ ನಗು ಮತ್ತೆ ಎದ್ದಿತು. ಗೋದಾಮಿನ ಕಾವಲುಗಾರ ಏನೋ ಅನಾಹುತವಾಯಿತೆಂದು ಓಡಿಬಂದು, ಮೂವರನ್ನೂ ನೋಡಿ ತಾನೂ ಹಲ್ಲು ಕಿಸಿದ. ಕಾರು ಹೊರಟಿತು. ನಲವತ್ತು ದಾಟಿತು, ಐವತ್ತು ದಾಟಿತು. ಹೆಂಗಸರಿಬ್ಬರೂ ನಕ್ಕು ಸುಸ್ತಾಗಿ ಸುಮ್ಮನಾದರೂ ಮೇಸ್ತ್ರಿ ಗ್ಯಾರೇಜಿನ ತಿರುವಿನವರೆಗೂ ಕಿಟಕಿ ಗಾಜು ನಡುಗುವ ಹಾಗೆ ನಗುತ್ತಲೇ ಇದ್ದರು. ಆಕ್ಸಲ್ ಮಾತ್ರ ತುಟಿಪಿಟಕ್ಕೆನ್ನಲಿಲ್ಲ.