ಇಪ್ಪತ್ತು–ಇಪ್ಪತ್ತಕ್ಕೆ ನಿಂತ ಆಟ

ಮೊಮ್ಮಗಳು ಪೆಟ್ಟಿಗೆಯಿಂದ ರಬ್ಬರು ಕಿತ್ತುಹೋದ ಟೇಬಲ್ ಟೆನಿಸ್ ಬ್ಯಾಟು ತೆಗೆದು, "ಅಜ್ಜಿ, ಅಮೆರಿಕದವಳ ಜೊತೆ ಆಡಿದ್ದು ಇದ್ರಲ್ಲೇನಾ? ಯಾರು ಗೆದ್ರು?" ಎಂದು ಕೇಳಿದಳು. ಸುಫೆನ್ ಅದರ ಹಿಡಿಯನ್ನು ಸವರಿದಳು. ಹೆಬ್ಬೆರಳು ಊರಿದ ಜಾಗ ಇನ್ನೂ ಸವೆದೇ ಇತ್ತು.

ಆಗ ಅವಳಿಗೆ ಹತ್ತೊಂಬತ್ತು. ಶಾಂಘೈನ ನೂಲಿನ ಗಿರಣಿಯಿಂದ ಟೇಬಲ್ ಟೆನಿಸ್ ತಂಡಕ್ಕೆ ಬಂದು ಮೂರು ತಿಂಗಳಾಗಿತ್ತು. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಚೀನಾ ಮತ್ತು ಅಮೆರಿಕ ಆ ವರ್ಷ ಚೆಂಡಿನ ನೆಪದಲ್ಲಿ ಮಾತು ಶುರುಮಾಡಿದ್ದವು. ಅಮೆರಿಕದ ತಂಡ ಆಡಲು ಬಂದಾಗ, ಆಟ ಕಲಿಸುವ ಫಾನ್ ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು: "ನೋಡಮ್ಮಾ, ಮನೆಗೆ ಬಂದವರು ಸೋತು ಹೋಗಬಾರದು. ಎರಡೇ ಪಾಯಿಂಟಲ್ಲಿ ಸೋಲು. ಬೇಕಂತ ಸೋತೆ ಅಂತ ಗೊತ್ತಾಯ್ತೋ, ವಾಪಸ್ ಗಿರಣಿಗೆ."

ಇಪ್ಪತ್ತು–ಇಪ್ಪತ್ತರವರೆಗೆ ಎಲ್ಲ ಸರಿಯಾಗೇ ನಡೆಯಿತು. ಅಲ್ಲಿಂದ ಎರಡು ಪಾಯಿಂಟು ಮುಂದಾದವರೇ ಗೆದ್ದ ಹಾಗೆ. ಸುಫೆನ್ ಒಂದು ಚೆಂಡನ್ನು ಬಲೆಗೆ ಹೊಡೆದಳು. ಕೂಡಲೇ ಎದುರಿಗಿದ್ದ ಅಮೆರಿಕದ ಕೆಂಚುಗೂದಲಿನ ಹುಡುಗಿ ಸುಲಭದ ಚೆಂಡೊಂದನ್ನು ಮೇಜಿನಾಚೆ ಹೊಡೆದಳು. ಮತ್ತೆ ಸಮ. ಐದಾರು ಸಲ ಹೀಗೇ ಆದಮೇಲೆ ಸುಫೆನ್ ತಲೆಯೆತ್ತಿದಳು. ಆ ಹುಡುಗಿ ತುಟಿ ಕಚ್ಚಿ ನಗು ತಡೆದುಕೊಂಡಿದ್ದಳು. ಅವಳಿಗೂ ಯಾರೋ ಅದನ್ನೇ ಹೇಳಿ ಕಳಿಸಿದ್ದರು! ಇಬ್ಬರೂ ನಕ್ಕುಬಿಟ್ಟರು, ಹಿಂದೆಯೇ ಇಡೀ ಸಭಾಂಗಣ ನಕ್ಕಿತು.

ಮೇಷ್ಟ್ರು ಎದ್ದು, "ಸಾಕು ಬನ್ನಿ, ಚಹಾ ಆರಿಹೋಗುತ್ತೆ" ಎಂದರು. ಗಿರಣಿಯ ಮಾತೆತ್ತದೆ ಸುಫೆನ್ ತಟ್ಟೆಗೆ ಇನ್ನೊಂದು ಬಾವೊಜಿ ಕಡುಬು ಹಾಕಿದರು.

"ಹೇಳಜ್ಜಿ, ಯಾರು ಗೆದ್ದಿದ್ದು?"

"ಆಟ ಇನ್ನೂ ಮುಗಿದಿಲ್ಲ ಕಣೇ. ಪೇಟೆಗೆ ಹೋದಾಗ ಇದಕ್ಕೊಂದು ಹೊಸ ರಬ್ಬರು ಅಂಟಿಸ್ಕೊಂಡು ಬಾ."