ಕೊಡೆಯೋ ಗೋಡೆಯೋ

ಕೊಂಬು ಮೇಷ್ಟ್ರು ಗೋಡೆ ಹಿಡಿದು ನಡೆಯುತ್ತಿದ್ದರು. ಮುದ್ರಣಾಲಯದ ಬಾಗಿಲಿನಿಂದ ತಮ್ಮ ಮೇಜಿನವರೆಗಿನ ಉದ್ದನೆಯ ಪಡಸಾಲೆಯಲ್ಲಿ ಎಡಗೈಯ ನಾಲ್ಕು ಬೆರಳುಗಳನ್ನು ಸುಣ್ಣದ ಮೇಲೆ ಹಗುರವಾಗಿ ಜಾರಿಸುತ್ತ ಬರುತ್ತಿದ್ದ ಅವರ ದೆಸೆಯಿಂದ, ಆ ಗೋಡೆಯ ಮೇಲೆ ಎದೆಯೆತ್ತರಕ್ಕೆ ನುಣುಪಾದ ಕರಿಯ ಗೆರೆಯೊಂದು ಮೂಡಿತ್ತು. ನಲವತ್ತು ವರ್ಷ ಪರರ ಕರಡು ತಿದ್ದಿ ಕಣ್ಣು ಸವೆದಿದ್ದವು. ಮೊಣಕೈ ಸವೆದ ಕೋಟಿನ ಜೇಬಿನಲ್ಲಿ ಕೆಂಪು ಶಾಯಿಯ ಲೇಖನಿಯೊಂದು ಮಾತ್ರ ಸದಾ ಹೊಸದರಂತಿತ್ತು. ಬಿಟ್ಟುಹೋದ ಕೊಂಬು, ತಪ್ಪಿದ ದೀರ್ಘ, ಜಾರಿದ ಒತ್ತುಗಳನ್ನು ಅರಸಿ ಅರಸಿ ಗಳಿಸಿದ ಅಡ್ಡಹೆಸರು ಅವರದು. ಲೋಕದ ಅಕ್ಷರಗಳಿಗೆಲ್ಲ ಕೊಂಬು ಕೊಟ್ಟ ಅವರಿಗೆ ಮಾತ್ರ ಎಂದೂ ಕೊಂಬು ಬರಲಿಲ್ಲ.

ಹೊಡೆದುಹಾಕಿದ ಪದವನ್ನು ಮತ್ತೆ ಉಳಿಸಬೇಕಾದರೆ ಅಂಚಿನಲ್ಲಿ 'ಇರಲಿ' ಎಂದು ಬರೆಯುವುದು ಆ ವೃತ್ತಿಯ ರೂಢಿ. ಅದೇ ಅವರ ಬಾಯಿಯ ಮಾತೂ ಆಗಿತ್ತು. ಸಂಬಳ ತಡವಾದರೆ ಇರಲಿ. ಮಡದಿ ಸಿಡುಕಿದರೆ ಇರಲಿ.

ಅಂತಹವರು ಜೀವಮಾನದಲ್ಲಿ ಒಂದೇ ತಪ್ಪನ್ನು ಕಾಣದೆ ಬಿಟ್ಟರು. ಹೆಸರಾಂತ ಕಾದಂಬರಿಕಾರರೊಬ್ಬರ ಮೊದಲ ಕೃತಿಯಲ್ಲಿ ನಾಯಕಿ 'ಕೊಡೆ ಹಿಡಿದು ಮೆಲ್ಲನೆ ನಡೆದಳು' ಎಂದಿದ್ದುದು 'ಗೋಡೆ ಹಿಡಿದು ಮೆಲ್ಲನೆ ನಡೆದಳು' ಎಂದು ಅಚ್ಚಾಗಿಹೋಯಿತು. ಲೇಖಕರು ಪುಸ್ತಕ ಹಿಡಿದು ಬಂದರು.

"ಅಲ್ಲ ಸ್ವಾಮಿ, ಪಾಪ, ಅವಳ ಕೈಯಿಂದ ಕೊಡೆ ಕಿತ್ಕೊಂಡು ಗೋಡೆ ಕೊಟ್ಬಿಟ್ಟಿದ್ದೀರಲ್ಲ!" ಎಂದು ನಕ್ಕರು. ನಗು ನಿಂತ ಮೇಲೆ ಆ ಸಾಲನ್ನೇ ಬಹಳ ಹೊತ್ತು ನೋಡುತ್ತ ಕುಳಿತು, ಕೊನೆಗೆ ಅಂದರು: "ಇರಲಿ."

ಮುಂದಿನ ನಾಲ್ಕು ಕಾದಂಬರಿಗಳಲ್ಲೂ ಅದೇ ನಾಯಕಿ ಬಂದಳು, ಅವಳ ದೃಷ್ಟಿ ಮೆಲ್ಲಮೆಲ್ಲನೆ ಆರುತ್ತಹೋಯಿತು. ಗೋಡೆ ಹಿಡಿದು ಬಾಳನ್ನೇ ದಾಟುವ ಆ ಹೆಂಗಸನ್ನು ಓದುಗರು 'ಗೋಡೆಯಕ್ಕ' ಎಂದು ಮನೆಯವಳಂತೆ ಕರೆದರು. ಕಡೆಯ ಕಾದಂಬರಿಯ ಕಡೆಯ ಪುಟದಲ್ಲಿ ಆಸ್ಪತ್ರೆಯ ಗೋಡೆ ಮುಗಿದು ಬಯಲು ತೊಡಗುವಲ್ಲಿ, ಅವಳ ಕೈ ಗಾಳಿಯಲ್ಲಿ ನಿಂತಿತು. ಅದನ್ನು ಅಲ್ಲಿಂದ ಇಳಿಸುವ ಮುನ್ನ ಲೇಖಕರು ತೀರಿಕೊಂಡರು.

ಆ ಕೈ ಮೇಷ್ಟ್ರಿಗೆ ನಿದ್ದೆಗೊಡಲಿಲ್ಲ. ರದ್ದಾದ ಕರಡಿನ ಹಾಳೆಗಳ ಬೆನ್ನಿನ ಮೇಲೆ ಮೂರು ವರ್ಷ ಬರೆದು ಅವಳನ್ನು ಮನೆಗೆ ತಲುಪಿಸಿದರು. "ನಿಮ್ಮ ಗೋಡೆಯಕ್ಕ ಉಂಡಳೋ ಇಲ್ವೋ, ನೀವಾದ್ರೂ ಎದ್ದು ಬನ್ನಿ," ಎಂದು ಮಡದಿ ಒಳಗಿನಿಂದ ಕೂಗುತ್ತಿದ್ದಳು. ಪುಸ್ತಕ ಬರಲಿದೆಯೆಂಬ ಪ್ರಕಟಣೆ ಹೊರಟ ವಾರಕ್ಕೇ ಲೇಖಕರ ಮಗಳಿಂದ ವಕೀಲರ ನೋಟಿಸು ಬಂತು: ಪಾತ್ರದ ಹಕ್ಕು ತಮ್ಮದು, ಇನ್ನೊಬ್ಬರು ಬಳಸಕೂಡದು. 'ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ' ಎಂಬ ಸಾಲನ್ನು ಸಾವಿರ ಪುಸ್ತಕಗಳಲ್ಲಿ ತಿದ್ದಿದ್ದ ಮೇಷ್ಟ್ರು ಅದನ್ನು ಓದಿದ್ದು ಅಂದೇ.

"ಹೆಸರು ಬದಲಾಯಿಸಿ, ಗೋಡೆ ತೆಗೀರಿ, ನಾಳೇನೇ ಅಚ್ಚಿಗೆ ಹಾಕ್ತೀನಿ," ಎಂದರು ಮುದ್ರಣಾಲಯದ ಯಜಮಾನರು.

"ಗೋಡೆ ತೆಗೆದ್ರೆ ಬಿದ್ದುಹೋಗ್ತಾಳಲ್ಲ, ಯಜಮಾನ್ರೇ."

ತಮ್ಮಲ್ಲೇ ಉಳಿದಿದ್ದ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು, ಬೀದಿಯ ಗೋಡೆಗಳನ್ನು ತಡವುತ್ತ, ಅವರು ಆ ಮಗಳ ಮನೆಗೆ ಹೋದರು.

"ಅಪ್ಪನಿಗೆ ನಾನೊಬ್ಬಳೇ ಮಗಳಲ್ಲ ಮೇಷ್ಟ್ರೇ, ಗೋಡೆಯಕ್ಕನೂ ಇದ್ದಾಳೆ. ಅವಳನ್ನ ಇನ್ನೊಬ್ಬರ ಕೈಗೆ ಹೇಗೆ ಕೊಡ್ಲಿ?"

"ಇಲ್ಲಿ ನೋಡಿ ತಾಯಿ. ನಿಮ್ಮಪ್ಪ ಕೊಟ್ಟಿದ್ದು ಕೊಡೆ. ಗೋಡೆ ನನ್ನ ತಪ್ಪು. ಅಷ್ಟರ ಮಟ್ಟಿಗೆ ಅವಳು ನನಗೂ ಏನೋ ಆಗ್ಬೇಕು."

ಆಕೆ ತಂದೆಯ ಅಕ್ಷರವನ್ನು ಮುಟ್ಟಿ ನೋಡಿದಳು. "ಅಂದ್ರೆ ಇಷ್ಟು ವರ್ಷ ಅಪ್ಪನ ಪುಸ್ತಕದಲ್ಲಿ ತಪ್ಪು ಹಾಗೇ ಉಳಿದಿತ್ತಾ?"

"ಅವರೇ ಇರಲಿ ಅಂದ್ರು, ತಾಯಿ."

"ಎಲ್ಲಿ ಬರೆದಿದ್ದಾರೆ?"

ಎಲ್ಲಿಯೂ ಬರೆದಿರಲಿಲ್ಲ. ಬದುಕೆಲ್ಲ ಅಂಚಿನ ಬರಹವನ್ನೇ ನಂಬಿದವರ ಕೈಯಲ್ಲಿ ಆ ಒಂದು ಅಂಚು ಬರಿದಾಗಿತ್ತು. ಹಸ್ತಪ್ರತಿ ಆ ಮನೆಯಲ್ಲೇ ಉಳಿಯಿತು. ಮೂರು ವರ್ಷದ ಬರಹ ಉಗ್ರಾಣದ ರದ್ದಿಯೊಡನೆ ಹೋಯಿತು.

ಆರು ತಿಂಗಳಿಗೆ, ಆ ಮಗಳು ಹೊರತರಿಸುತ್ತಿದ್ದ ಮೊದಲ ಕಾದಂಬರಿಯ ಪರಿಶುದ್ಧ ಆವೃತ್ತಿಯ ಕರಡು, ಜೊತೆಗೆ ಅದೇ ಹಸ್ತಪ್ರತಿ, ಅವರ ಮೇಜಿಗೇ ಬಂದವು. ಹಳೆಯ ಪುಸ್ತಕ ನೋಡಿ ಅಚ್ಚುಮೊಳೆ ಜೋಡಿಸಿದ್ದರಿಂದ ಕರಡಿನಲ್ಲಿ 'ಗೋಡೆ' ಎಂದೇ ಇತ್ತು. ಮೂಲವನ್ನು ಅನುಸರಿಸುವುದೇ ತಿದ್ದುವವನ ಧರ್ಮ. ಮೇಷ್ಟ್ರು ಭೂತಗನ್ನಡಿಯಡಿ ಆ ಪದವನ್ನು ಹೊಡೆದು ಮೇಲೆ 'ಕೊಡೆ' ಎಂದು ಬರೆದರು. ಆಮೇಲೆ ಲೇಖನಿ ಅಂಚಿಗೆ ಸರಿಯಿತು. 'ಇರಲಿ' ಎಂದು ಬರೆಯುವಷ್ಟು ಜಾಗದ ಮೇಲೆ ಬಹಳ ಹೊತ್ತು ಅಲುಗದೆ ನಿಂತಿತು. ಬರೆಯಲಿಲ್ಲ. ಪುಟ ಮಗುಚಿದರು. ಮುಂದಿನ ಕೃತಿಗಳ ಗೋಡೆಗಳು ಲೇಖಕರ ಸ್ವಹಸ್ತದವಾದ್ದರಿಂದ ಹಾಗೆಯೇ ನಿಂತವು, ಅಳಿದದ್ದು ಮೇಷ್ಟ್ರದೊಂದೇ. ಅದು ಅವರು ತಿದ್ದಿದ ಕೊನೆಯ ಪುಸ್ತಕವಾಯಿತು. ಅವರು ಹೋದ ಮೇಲೆ ಪಡಸಾಲೆಗೆ ಸುಣ್ಣ ಬಳಿಸಿದರು.

ಕರಡು ತಿದ್ದುವವರ ಕುಲವೇ ಹೀಗೆ. ಅವರು ಸರಿಪಡಿಸಿದ್ದೆಲ್ಲ ಬರೆದವರ ಕೀರ್ತಿಯಲ್ಲಿ ಕರಗಿಹೋಗುತ್ತದೆ. ಇಂಥವರೊಬ್ಬರು ಬದುಕಿದ್ದರೆಂಬುದಕ್ಕೆ ಲೋಕದಲ್ಲಿ ಉಳಿಯುವ ಗುರುತು ಕಣ್ತಪ್ಪಿದ ಅಕ್ಷರವೊಂದೇ. ಆ ಗುರುತೂ ಒಂದು ದಿನ ಅವರ ಮೇಜಿಗೇ ಬರುತ್ತದೆ. ಪ್ರಾಮಾಣಿಕರಾದವರು ಅದನ್ನೂ ತಿದ್ದಿಯೇ ಏಳುತ್ತಾರೆ.