ಹೊರಗಿನ ಚಿಲಕ

“ಒರ್ಸು. ನಿನ್ನ ವೇಲಲ್ಲೇ ಒರ್ಸು. ವ್ಯಾನ್ ಎಂತ, ನಿನ್ನಪ್ಪ ತೆಗ್ದು ಕೊಟ್ಟದ್ದಾ?”

ಕೀರ್ತಿರಾಜ್ ಘಾಟಿಯ ತಿರುವಿನಲ್ಲಿ ವ್ಯಾನು ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದ. ಹತ್ತೊಂಬತ್ತರ ಭವ್ಯಶ್ರೀ ಮಂಡಿಯೂರಿ, ತಾನು ಕಾರಿಕೊಂಡದ್ದನ್ನು ತನ್ನ ವೇಲಿನಿಂದ ಬಳಿಯುತ್ತಿದ್ದಳು. ರತ್ನ ನೆರವಿಗೆ ಬಗ್ಗಿದಳು.

“ನೀನು ಕೂತ್ಕೊ. ಕಾರಿದವಳೇ ಬಳಿಲಿ. ನಿಮ್ಮ ಕೇರಿಯಲ್ಲಿ ನೆಲ ಒರ್ಸುವ ಅಭ್ಯಾಸ ಇಲ್ವಾ?”

“ತಿರುವು ಜಾಸ್ತಿ ಕನಾ ಸಾ. ಮಗೀಗೆ ತಡೀನಿಲ್ಲ,” ಎಂದ ಚಾಮಯ್ಯ. ಭವ್ಯಶ್ರೀ ಅವನ ಮಗಳು.

“ಮಗುವಾ? ಪಾಸ್‌ಪೋರ್ಟಲ್ಲಿ ಇಪ್ಪತ್ನಾಲ್ಕು ಅಂತ ಉಂಟು. ಯಾರು ಸುಳ್ಳು, ನೀನಾ, ಪಾಸ್‌ಪೋರ್ಟಾ?”

ವಯಸ್ಸು ಏರಿಸಿ ಬರೆಸಿದವನು ಇದೇ ಕೀರ್ತಿರಾಜ್. ವಿಮಾನ ಇಳಿದ ದಿನದಿಂದ ನಾಲ್ವರ ಪಾಸ್‌ಪೋರ್ಟೂ ಅವನ ಬ್ಯಾಗಿನಲ್ಲೇ ಇದ್ದವು.

ಒದ್ದೆ ವೇಲನ್ನು ಪ್ರಪಾತಕ್ಕೆ ಎಸೆಸಿ ಅವನು ಬಾಗಿಲು ಹಾಕಿದ. ಸೀಟು ಕಿತ್ತು ತೆಗೆದಿದ್ದ ವ್ಯಾನಿನ ನೆಲದ ಮೇಲೆ ಮತ್ತೆ ಕತ್ತಲಾಯಿತು. ರತ್ನ ತನ್ನ ಸೆರಗನ್ನು ಬಿಡಿಸಿ ಹುಡುಗಿಯ ಹೆಗಲಿಗೂ ಸೇರಿಸಿ ಹೊದಿಸಿದಳು. ವ್ಯಾನು ಮೇಲೇರಿದಷ್ಟೂ ತಗಡಿನ ನೆಲ ತಣ್ಣಗಾಗುತ್ತಿತ್ತು.

ನಾಲ್ವರೂ ಚಾಮರಾಜನಗರದ ಕಡೆಯ ಕರಿಕಲ್ಲಿನ ಕ್ವಾರಿಯಲ್ಲಿ ದುಡಿದವರು. ರತ್ನಳ ಗಂಡ ಪುಟ್ಟಣ್ಣ ಹದಿನಾರು ವರ್ಷ ಕಲ್ಲಿನ ಧೂಳು ಕುಡಿದಿದ್ದ. ಈಗ ಅವನ ಎದೆಯಲ್ಲಿ ಉಸಿರಿಗಿಂತ ಸಿಳ್ಳೆಯೇ ಹೆಚ್ಚು. ಚಾಮಯ್ಯ ಅವನ ಚಿಕ್ಕಪ್ಪ. ಕ್ವಾರಿ ಮುಚ್ಚಿದ ಮೇಲೆ ಕೂಲಿಯಾಳು ಹುಡುಕುತ್ತಾ ಕೀರ್ತಿರಾಜ್ ಊರಿಗೇ ಬಂದಿದ್ದ. ಮಲೇಶಿಯಾದ ಪೆಟಾಲಿಂಗ್ ಜಯಾದಲ್ಲಿ ಕಾಂಡೊ ಎನ್ನುವ ದೊಡ್ಡ ದೊಡ್ಡ ಬಹುಮಹಡಿ ವಸತಿಗಳಿಗೆ ಗ್ರಾನೈಟು ಕೂರಿಸುವ ಕೆಲಸ, ಕನ್ನಡದವನೇ ಮೇಸ್ತ್ರಿ, ಇರಲು ಗಾಳಿಯಾಡುವ ಮನೆ ಎಂದಿದ್ದ. ಗಾಳಿಯ ಮಾತಿಗೇ ರತ್ನ ಒಪ್ಪಿದ್ದು. ದೊಡ್ಡಾಸ್ಪತ್ರೆಯ ಡಾಕ್ಟರು ಅವಳಿಗೆ ಹೇಳಿದ್ದು ಒಂದೇ ಮಾತು: ಇವನನ್ನು ಮುಚ್ಚಿದ ಜಾಗದಲ್ಲಿ ಮಲಗಿಸಬೇಡಮ್ಮ, ಮಲಗಿಸಿದ ದಿನ ಕಳಕೊಳ್ಳುತ್ತೀ.

ಪೆಟಾಲಿಂಗ್ ಜಯಾದಲ್ಲಿ ಅವರು ಕಂಡದ್ದು ಒಂದು ಅಂಗಡಿಯ ಮೇಲಿನ ಕೋಣೆ, ಎರಡು ದಿನ. ಮೂರನೆಯ ಬೆಳಿಗ್ಗೆ ವ್ಯಾನು ಹತ್ತಿಸಿದ. ಎಲ್ಲಿಗೆ ಎಂದು ಕೇಳಿದ್ದಕ್ಕೆ “ಎಸಿ ಉಂಟು, ಖುಷಿ ಪಡಿ” ಎಂದು ನಕ್ಕಿದ್ದ.

ಮಧ್ಯಾಹ್ನ ಮಾಮಕ್ ಎನ್ನುವ ತಮಿಳು ಮುಸ್ಲಿಮರ ಒಂದು ಹೋಟೆಲಿನ ಮುಂದೆ ವ್ಯಾನು ನಿಂತಿತು. ಬಾಗಿಲ ಸಂದಿಯಿಂದ ರತ್ನ ನೋಡಿದಳು. ಕೀರ್ತಿರಾಜ್ ರೊಟ್ಟಿ, ಕೋಳಿಸಾರು ತಿಂದು ಕೈ ತೊಳೆದು, ತಪಾವ್, ಅಂದರೆ ಪಾರ್ಸೆಲ್ಲು, ಕಟ್ಟಿಸಿಕೊಂಡ ಒಂದು ಚಹಾದ ಪ್ಲಾಸ್ಟಿಕ್ ಚೀಲ ತೂಗಾಡಿಸುತ್ತಾ ಬಂದ.

“ನಾಲ್ಕು ಜನಕ್ಕೆ ಇದು. ಹಿಡ್ಕೊ.”

ಅವಳು ಕೈ ಚಾಚಿದಳು. ಅವನು ಒಂದು ಮೊಳ ಮೇಲಿನಿಂದ ಬಿಟ್ಟ. ಕೈಗೆ ಕೈ ತಾಗದ ಆ ಎತ್ತರವನ್ನು ಅವಳು ಹುಟ್ಟಿದಾಗಿನಿಂದ ಬಲ್ಲಳು. ಕಡಲು ದಾಟಿ ಬಂದರೂ ಒಂದು ಅಂಗುಲ ಇಳಿದಿರಲಿಲ್ಲ.

“ಈ ಬೋಳಿಮಗನ್ ಕಯ್ಗ ಮೈಲಿಗೆ ಆಯ್ತದಂತ,” ಎಂದು ಪುಟ್ಟಣ್ಣ ಗೊಣಗಿದ. ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ವ್ಯಾನಿನ ಬಾಗಿಲು ಕೊನೆಗೆ ತೆರೆದಾಗ ಬೆಟ್ಟದ ಮೈಯೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಡಿದಿತ್ತು. ಮೆಟ್ಟಿಲಿಗೊಂದು ಬಿಳಿ ಪ್ಲಾಸ್ಟಿಕ್ಕಿನ ಸೂರು, ಸೂರಿನಡಿ ಎಲೆಕೋಸು. ಕೋಳಿಗೊಬ್ಬರದ ನಾತ. ಮಂಜು ಬಟ್ಟೆಯೊಳಗೆ ನುಗ್ಗಿ ಮೂಳೆ ಮುಟ್ಟುತ್ತಿತ್ತು. ಮಲೇಶಿಯಾದಲ್ಲಿ ಚಳಿ ಇರುತ್ತದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಒಂದು ಸ್ವೆಟರೂ ಇರಲಿಲ್ಲ.

“ಕಲ್ಲು ಎಲ್ಲದ ಸಾ?” ಎಂದ ಚಾಮಯ್ಯ.

“ಕೋಸು ಕೊಯ್ಯಿ. ಕಲ್ಲಿಗಿಂತ ಮೆತ್ತಗೆ ಉಂಟು.”

ಅವರ ಮನೆ ಕೊನೆಯ ಮೆಟ್ಟಿಲ ಮೇಲಿತ್ತು. ಮೂರು ಗೋಡೆ ಕಬ್ಬಿಣದ ಸರಳು ಬಿಗಿದ ತಗಡು, ಮುಂದೆ ಎರಡು ಸಿಮೆಂಟು ಕಂಬ, ನಡುವೆ ದಪ್ಪ ಮರದ ಬಾಗಿಲು. ಒಳಗೆ ಅರ್ಧಕ್ಕೆ ಹಲಗೆ ಅಡ್ಡ ಹೊಡೆದು ಆಚೆಗೆ ನೀಲಿ ಡ್ರಮ್ಮು ಪೇರಿಸಿದ್ದರು. ಡ್ರಮ್ಮಿನ ಮೇಲೆ ತಲೆಬುರುಡೆಯ ಚಿತ್ರ. ಕೋಸಿಗೆ ಹೊಡೆಯುವ ಔಷಧಿ. ಒಳಗೆ ಕಾಲಿಟ್ಟೊಡನೆ ಪುಟ್ಟಣ್ಣ ಬಾಗಿಲ ಕಂಬ ಹಿಡಿದು ಹೊರಗೆ ಬಗ್ಗಿದ.

ರತ್ನ ಎಲ್ಲಕ್ಕಿಂತ ಮೊದಲು ಬಾಗಿಲನ್ನು ನೋಡಿದಳು. ಒಳಗಡೆ ಚಿಲಕವಿರಲಿಲ್ಲ. ಹೊರಗಡೆ ಇತ್ತು, ಬೆರಳು ಗಾತ್ರದ್ದು, ಅದರಲ್ಲಿ ಒಂದು ಮುಷ್ಟಿಯಷ್ಟು ದೊಡ್ಡ ಬೀಗ ನೇತಾಡುತ್ತಿತ್ತು.

“ಸಾ, ಒಳಗ ಅಗುಳಿ ಇಲ್ವಲ್ಲ.”

“ಒಳಗೆ ಎಂತಕ್ಕೆ? ಹನಿಮೂನಿಗೆ ಬಂದದ್ದಾ? ರಾತ್ರಿ ನಾನು ಹೊರಗಿಂದ ಹಾಕ್ತೇನೆ. ಇಮಿಗ್ರೇಶನ್‌ನವರು ಬಂದ್ರೆ ಬೀಗ ನೋಡಿ ಗೋದಾಮು ಅಂತ ಹೋಗ್ತಾರೆ. ನಿಮ್ಮ ಒಳ್ಳೇದಕ್ಕೇ.”

“ನಮ್ಮವ್ರ ಎದೆ ಸರಿಯಿಲ್ಲ ಸಾ. ಮುಚ್ಚುದ್ರ ಉಸ್ರು ಕಟ್ಟೋಯ್ತದ. ಬೀಗ ಒಂದ ಹಾಕ್ಬ್ಯಾಡಿ. ನಾವೆತ್ತಗೋದೇವು, ಪಾಸ್‌ಪೋರ್ಟ್ ಬುಕ್ಕೆಲ್ಲ ನಿಮ್ಮ ತಾವೇ ಅವ.”

“ಎದೆ ಸರಿಯಿಲ್ದವನನ್ನು ಸರಿ ಉಂಟು ಅಂತ ಹೇಳಿ ತಂದದ್ದು ನಾನು. ತೌಕೆ ಕೇಳಿದ್ರೆ ನನ್ನ ಮರ್ಯಾದೆ ಹೋಗ್ತದೆ. ಬಾಯಿ ಮುಚ್ಚು.” ತೌಕೆ ಎಂದರೆ ತೋಟದ ಧಣಿ. ಅವನು ಆ ದಿನ ಅತ್ತ ಸುಳಿಯಲೇ ಇಲ್ಲ.

ಕೀರ್ತಿರಾಜ್ ಕೆಳಗಿನ ಶೆಡ್ಡಿಗೆ ಹೋದ. ಉಳಿದವರು ಗಂಟು ಬಿಚ್ಚಿದರು. ಗೋಣಿತಾಟು ಹಾಸಿ, ಪ್ಲಾಸ್ಟಿಕ್ ಹಾಳೆಯನ್ನು ಸೂರಿನ ಹತ್ತಿರ ಗಾಳಿ ಬರುವ ತಗಡಿನ ತೂತಿಗೆ ತುರುಕಲು ಭವ್ಯಶ್ರೀ ಹೊರಟಾಗ ರತ್ನ ತಡೆದಳು.

“ತೂತ ಮುಚ್ಬ್ಯಾಡ ಕೂಸು. ಚಳಿ ತಡ್ಕಳವ. ಅಣ್ಣನ್ಗ ಗಾಳಿ ಬೇಕು.”

“ಅತ್ಗೆ, ಹಾಲಾದ್ರೂ ಉಕ್ಕಿಸವಾ. ಹೊಸಾ ಮನೆ ಅಲ್ವ?”

ಹುಡುಗಿ ಗೇಲಿಗೆ ಹೇಳಿದ್ದೋ ನಿಜಕ್ಕೆ ಹೇಳಿದ್ದೋ ತಿಳಿಯಲಿಲ್ಲ. ಆದರೆ ಒಂದು ಗುಡಿಸಲಿಗೆ ಹೋದರೂ ಹಾಲುಕ್ಕಿಸದೆ ಮಲಗಿದವರಲ್ಲ ಅವರು. ಕ್ವಾರಿಯ ಬದಿಯ ಟಾರ್ಪಾಲಿನಡಿಯೂ ಉಕ್ಕಿಸಿದ್ದರು. ರತ್ನ ಬಾಗಿಲ ಮುಂದೆ ಮೂರು ಕಲ್ಲು ಹೂಡಿದಳು. ಊರಿನಿಂದ ತಂದ ಹಾಲಿನಪುಡಿ ಕದಡಿ, ಕೋಸಿನ ಪೆಟ್ಟಿಗೆಯ ಚೂರು ಉರಿ ಹಾಕಿದಳು. ನಾಲ್ವರೂ ಸುತ್ತ ಕುಕ್ಕರಗಾಲಲ್ಲಿ ಕೂತರು. ಬೆಳಿಗ್ಗೆಯಿಂದ ಮೊದಲ ಬಾರಿಗೆ ಅಂಗೈ ಬೆಚ್ಚಗಾಯಿತು.

“ಉಕ್ಕದು ಯಾವ ಕಡೀಕ ನೋಡ್ಕ,” ಎಂದ ಚಾಮಯ್ಯ. “ಮೂಡ್ಲಾಗಿ ಉಕ್ಕುದ್ರ ಅನ್ನ, ತೆಂಕ್ಲಾಗಿ ಉಕ್ಕುದ್ರ ಮಣ್ಣು.”

“ಮೂಡ್ಲು ಯಾವ ಕಡೆ ಅದ ಅಂತ್ಲೇ ಗೊತ್ತಿಲ್ವಲ್ಲ ಚಿಕ್ಕಪ್ಪಾ,” ಎಂದ ಪುಟ್ಟಣ್ಣ.

ಹಾಲು ಕಂಠಕ್ಕೆ ಏರುತ್ತಿತ್ತು. ಅದು ಯಾವ ಕಡೆಗೂ ಉಕ್ಕಲಿಲ್ಲ. ಕೀರ್ತಿರಾಜನ ಬೂಟು ಪಾತ್ರೆಗೆ ಬಿತ್ತು. ಕುದಿಹಾಲು ಭವ್ಯಶ್ರೀಯ ಪಾದದ ಮೇಲೆ ಚೆಲ್ಲಿತು. ಅವಳು ಕೂಗಲೂ ಆಗದೆ ಬಾಯಿ ತೆರೆದು ಹಿಂದಕ್ಕೆ ಬಿದ್ದಳು.

“ಹೊಗೆ ಹಾಕಿ ಊರಿಗೆಲ್ಲ ಕರೆ ಕೊಡ್ತೀರಾ ಬೇವರ್ಸಿಗಳೇ? ಇಲ್ಲಿ ಗೃಹಪ್ರವೇಶವಾ? ನಿಮ್ಮ ಜಾತಿಗೆ ಹಾಲು ಬೇರೆ ಕೇಡು.”

ಪುಟ್ಟಣ್ಣ ಎದ್ದು ಅವನ ಕೊರಳಪಟ್ಟಿ ಹಿಡಿದ. ಹಿಡಿದದ್ದಷ್ಟೇ. ಹೊಡೆಯಲು ಎದೆಯಲ್ಲಿ ಉಸಿರಿರಲಿಲ್ಲ. ಕೀರ್ತಿರಾಜ್ ಮೊಣಕಾಲಿನಿಂದ ಅವನ ಹೊಟ್ಟೆಗೆ ಒತ್ತಿ ಕೆಳಗೆ ಕೆಡವಿದ. ನೀರು ಹಾಯಿಸುವ ಕಪ್ಪು ಪ್ಲಾಸ್ಟಿಕ್ ಪೈಪಿನ ತುಂಡು ಗೋಡೆಗೆ ಒರಗಿತ್ತು. ಅದನ್ನೆತ್ತಿಕೊಂಡ. ಮೊದಲ ಏಟು ಕತ್ತಿಗೆ, ಎರಡನೆಯದು ಕಿವಿಗೆ. ಆಮೇಲೆ ರತ್ನ ಎಣಿಸಲಿಲ್ಲ. ಅವಳು ಗಂಡನ ಮೇಲೆ ಅಡ್ಡ ಬಿದ್ದಳು. ಏಟು ಅವಳ ಬೆನ್ನ ಮೇಲೆ ನಡೆದವು. ಚಾಮಯ್ಯ ಕಾಲು ಹಿಡಿಯಲು ಬಗ್ಗಿದರೆ ಬೂಟು ಅವನ ಬಾಯಿಗೆ ಬಿತ್ತು. ಹಲ್ಲೊಂದನ್ನು ಅವನು ಅಂಗೈಗೆ ಉಗುಳಿಕೊಂಡು ನೋಡುತ್ತಾ ಕೂತ.

“ಒಳಗೆ ನಡಿರಿ. ಅಕ್ಕಿ ತರ್ಲಿಕ್ಕೆ ಪೇಟೆಗೆ ಹೋಗ್ತೇನೆ. ಬರುವವರೆಗೆ ಒಳಗೇ ಸಾಯಿರಿ.”

ಪುಟ್ಟಣ್ಣನ ಕಾಲು ಹಿಡಿದು ಎಳೆದು ಒಳಕ್ಕೆ ಹಾಕಿ, ಉಳಿದವರನ್ನೂ ತಳ್ಳಿದ. ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಬೀಗದ ಸದ್ದು ಕೇಳಿತು. ವ್ಯಾನು ಇಳಿದು ಹೋಯಿತು. ತಗಡಿನ ತೂತಿನಲ್ಲಿ ಇನ್ನೂ ಸಂಜೆಯ ಬೆಳಕಿತ್ತು.

ಔಷಧಿಯ ವಾಸನೆ ಮೆಲ್ಲಮೆಲ್ಲಗೆ ನೆಲದ ಮೇಲೆ ಹರಡಿತು. ಕಣ್ಣು ಉರಿಯಿತು. ಪುಟ್ಟಣ್ಣನ ಸಿಳ್ಳೆ ಮೊದಲು ಜೋರಾಯಿತು, ಆಮೇಲೆ ಸಣ್ಣಗಾಯಿತು. ಜೋರಾದದ್ದಕ್ಕಿಂತ ಸಣ್ಣಗಾದದ್ದಕ್ಕೆ ರತ್ನ ಹೆಚ್ಚು ಹೆದರಿದಳು. ತುಟಿ ನೀಲಿಗಟ್ಟುತ್ತಿತ್ತು. ಅವಳು ಅವನನ್ನು ಬಾಗಿಲಿಗೆ ಎಳೆದು, ಹೊಸ್ತಿಲ ಸಂದಿಗೆ ಮೂಗು ಬರುವಂತೆ ಮಲಗಿಸಿದಳು. ಸಂದಿ ಎಷ್ಟಿದೆಯೆಂದು ಬೆರಳಾಡಿಸಿದಾಗ ಕೈಗೆ ಗುಳಿ ಸಿಕ್ಕವು. ಬಗ್ಗಿ ನೋಡಿದಳು. ಬಾಗಿಲಿನ ತಳದ ಮರವನ್ನು ಯಾರೋ ಕೆರೆದಿದ್ದರು. ಚಮಚದಲ್ಲಿ, ಉಗುರಿನಲ್ಲಿ, ಒಂದೊಂದು ಮೂಗು ಇಡುವಷ್ಟು ಅಗಲ, ಸಾಲಾಗಿ ಐದು ಕಡೆ. ಅವರಿಗಿಂತ ಮುಂಚೆ ಇಲ್ಲಿ ಐದು ಜನ ಇದ್ದರು.

“ಮಾವಾ,” ಎಂದಳು. ಗಂಡನ ಚಿಕ್ಕಪ್ಪನನ್ನು ಅವಳು ಹಾಗೇ ಕರೆಯುವುದು. “ಇವ್ರು ಬೆಳಗಾಗಗಂಟ ಇರದಿಲ್ಲ. ಅವನ್ ಅಕ್ಕಿ ತರಗಂಟ್ಲೂ ಇರದಿಲ್ಲ.”

ಚಾಮಯ್ಯ ಹಲ್ಲನ್ನು ಜೇಬಿಗೆ ಹಾಕಿಕೊಂಡು ಎದ್ದ. ಬಾಗಿಲನ್ನು ನೋಡಲಿಲ್ಲ, ಕಂಬವನ್ನು ನೋಡಿದ. ಬೆರಳ ಗೆಣ್ಣಿನಿಂದ ಮೇಲಿನಿಂದ ಕೆಳಗೆ ತಟ್ಟುತ್ತಾ ಬಂದು ಕಿವಿಯಿಟ್ಟ. ಬಾಗಿಲಿನ ಕೀಲು ಕೂರಿಸಿದ್ದ ಕಡೆ ತಟ್ಟಿದಾಗ ಅವನ ಮುಖ ಬದಲಾಯಿತು.

“ಮರಳು ಜಾಸ್ತಿ ಹಾಕವ್ನೆ ಕಳ್ನನ್ಮಗ. ಒಳಗ ಟೊಳ್ಳು.”

ಅವನ ಗಂಟಿನಲ್ಲಿ ಎರಡು ಉಳಿ, ಒಂದು ಸುತ್ತಿಗೆ ಇದ್ದವು. ಕಲ್ಲೊಡೆಯುವವನು ಇನ್ನೊಬ್ಬನ ಉಳಿ ಮುಟ್ಟುವುದಿಲ್ಲ. ಹೊಸ ಕೆಲಸಕ್ಕೆ ತನ್ನದನ್ನೇ ಹೊತ್ತೊಯ್ಯುತ್ತಾನೆ. ಕಲ್ಲಿನ ಕೆಲಸ ಎಂದು ನಂಬಿ ಹೊತ್ತು ತಂದಿದ್ದ.

ರತ್ನ ಒಂದು ಉಳಿ ಕಸಿದುಕೊಂಡು ಕೈಗೆ ಸಿಕ್ಕ ಕಲ್ಲಿನಿಂದ ಒಂದೇ ಕಡೆ ಬಡಿಯತೊಡಗಿದಳು.

“ಹಂಗಲ್ಲ ಕನವ್ವ. ಕ್ವಾರೀಲಿ ದುಡ್ದು ಮರ್ತ್ಬುಟ್ಟ್ಯಾ? ಒಂದ್ಕಡೆ ಎರಡೇಟು ಹಾಕ್ಬಾರ್ದು. ಸಾಲಾಗಿ ಹೋಗು, ಸಾಲಾಗಿ ವಾಪಸ್ ಬಾ. ಕೋಪ ಕಲ್ಲಿಗ ಗೊತ್ತಾಗ್ಬಾರ್ದು.”

ಸಾಲಾಗಿ ಹೋದರು, ಸಾಲಾಗಿ ಬಂದರು. ಭವ್ಯಶ್ರೀ ಬೊಬ್ಬೆಯೆದ್ದ ಪಾದವನ್ನು ಚಾಚಿಕೊಂಡು ಪುಟ್ಟಣ್ಣನ ತಲೆಯನ್ನು ಸಂದಿಗೆ ಹಿಡಿದಿದ್ದಳು. “ಅಣ್ಣ, ಎಳ್ಕ. ಇನ್ನೊಂದ್ಸಲ ಎಳ್ಕ,” ಎನ್ನುತ್ತಲೇ ಇದ್ದಳು. ಆರನೆಯ ಸುತ್ತಿಗೋ ಏಳನೆಯದಕ್ಕೋ ಚಾಮಯ್ಯ ಕೈಯೆತ್ತಿ ನಿಲ್ಲಿಸಿದ. ಕಂಬದೊಳಗೆ ಒಂದು ಸಣ್ಣ ಸದ್ದು. ಮೇಲಿನಿಂದ ಕೆಳಗೆ ಗೆರೆ ಬಿಟ್ಟುಕೊಂಡಿತು. ಅವನು ಹೆಗಲು ಕೊಟ್ಟ. ಕೀಲಿನೊಂದಿಗೆ, ಸಿಮೆಂಟಿನ ಹೋಳಿನೊಂದಿಗೆ ಬಾಗಿಲು ಬೋರಲಾಗಿ ಮಂಜಿಗೆ ಬಿತ್ತು. ಆಚೆ ಕಂಬದ ಚಿಲಕದ ಕೊಂಡಿಯೂ ಅದರ ಜೊತೆಗೇ ಕಿತ್ತು ಬಂತು. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು.

ಪುಟ್ಟಣ್ಣನನ್ನು ಹೊರಗೆ ಎಳೆದು ಕೂರಿಸಿದರು. ಗಾಳಿ ಒಳಗೆ ಹೋಯಿತು. ಅವನು ರಕ್ತ ಉಗುಳಿದ. ಸಿಳ್ಳೆ ಮರಳಿತು.

“ಓಡೋಗವಾ ಅತ್ಗೆ,” ಎಂದಳು ಭವ್ಯಶ್ರೀ.

“ಎತ್ತಗೆ? ನಿನ್ ಕಾಲಲ್ಲಿ? ಇವ್ರ ಎದೇಲಿ?”

“ಅವ್ನು ಬಂದು ತಿರ್ಗ ಬಾಗ್ಲು ನಿಲ್ಲುಸ್ತಾನೆ.”

ರತ್ನ ಬಿದ್ದ ಬಾಗಿಲನ್ನು ನೋಡಿದಳು. ಗಟ್ಟಿ ಮರ, ಒಣ ಮರ. ಚಳಿಗೆ ಅವಳ ದವಡೆ ಕಟಕಟ ಎನ್ನುತ್ತಿತ್ತು.

“ನಿಲ್ಸಕ ಬಾಗ್ಲು ಇದ್ರ ತಾನೆ? ಮಾವಾ, ಸೀಳು.”

ಚಾಮಯ್ಯ ಸೀಳಿದ. ಮೂರು ಕಲ್ಲಿನ ನಡುವೆ ಆರುತ್ತಿದ್ದ ಕೆಂಡಕ್ಕೆ ಚೂರು ಚೂರಾಗಿ ಒಡ್ಡಿದರು. ಕೆರೆದ ತಳದ ಹಲಗೆಯನ್ನು ಮಾತ್ರ ರತ್ನ ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡಿದ್ದು, ಆಮೇಲೆ ಅದನ್ನೂ ಹಾಕಿದಳು. ಬೆಂಕಿ ಮಂಡಿಯೆತ್ತರಕ್ಕೆ ಎದ್ದಿತು. ನಾಲ್ವರ ಮುಖಕ್ಕೂ ಬಣ್ಣ ಬಂತು. ಗೆಣಸಿದ್ದರೆ ಸುಡಬಹುದಿತ್ತು ಎಂದು ಚಾಮಯ್ಯ ಹಲ್ಲು ಹೋದ ಬಾಯಲ್ಲಿ ಹೇಳಿದ.

ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ವ್ಯಾನು ಏರಿ ಬಂತು. ಕೀರ್ತಿರಾಜ್ ಅಕ್ಕಿಚೀಲವನ್ನು ಇಳಿಸಿ, ಬೆಂಕಿ ನೋಡಿ, ತೆರೆದ ಗೋಡೆಯನ್ನು ನೋಡಿದ.

“ಬಾಗಿಲೆಲ್ಲಿ?”

“ಉರೀತಾ ಅದ,” ಎಂದಳು ರತ್ನ.

“ರಂಡೆ.” ಅವನು ಕಪ್ಪು ಪೈಪನ್ನು ಹುಡುಕಿ ಎತ್ತಿಕೊಂಡ.

ಚಾಮಯ್ಯ ಸುತ್ತಿಗೆಗೆ ಕೈ ಹಾಕಿದ. ರತ್ನ ಅವನಿಗೆ ಬೇಡವೆಂದು ತಲೆಯಾಡಿಸಿ, ಉಳಿಯ ಮೊನೆಯನ್ನು ಕೆಂಡದೊಳಗೆ ತೂರಿಸಿದಳು. ಮರ ಸುಟ್ಟು ಉಳಿದಿದ್ದ ಕಬ್ಬಿಣದ ಚಿಲಕ ಮೊನೆಗೆ ಸಿಕ್ಕಿತು. ಅದರ ತುದಿಯಲ್ಲಿ ಬೀಗ, ಇನ್ನೂ ಹಾಕಿದಂತೆಯೇ, ಕೆಂಪಗೆ. ಸೆರಗು ಸುತ್ತಿದ ಕೈಯಲ್ಲಿ ಅದನ್ನು ಎತ್ತಿ ಹಿಡಿದು ಅವಳು ಅವನ ಕಡೆಗೆ ನಡೆದಳು.

ಅವನು ಪೈಪು ಬೀಸಿದ. ಅವಳು ಬೀಗವನ್ನು ಅಡ್ಡ ಒಡ್ಡಿದಳು. ಪೈಪು ಅದಕ್ಕೆ ಕಚ್ಚಿಕೊಂಡಿತು, ಹೊಗೆಯಾಡಿತು, ಬಾಗಿ ಕಪ್ಪು ಹನಿಯಾಗಿ ಅವನ ಬೂಟಿನ ಮೇಲೆ ತೊಟ್ಟಿಕ್ಕಿತು. ಅವನು ಪೈಪು ಬಿಟ್ಟು ಹಿಂದೆ ಸರಿದ. ಬೆನ್ನು ವ್ಯಾನಿನ ಬಾಗಿಲಿಗೆ ತಾಗಿತು.

ರತ್ನ ನಿಲ್ಲಲಿಲ್ಲ. ಅವನ ಎದೆಯಿಂದ ಒಂದು ಗೇಣು ಈಚೆಗೆ ಬೀಗ ಹಿಡಿದಳು.

“ನಿನ್ನದೇ ಅಲ್ವ? ತಗ. ಕಯ್ಯೊಡ್ಡು.”

ಹಿಂದೆ ಬೆಂಕಿಯ ಬಳಿ ಪುಟ್ಟಣ್ಣನ ಸಿಳ್ಳೆ ಒಮ್ಮೆ ನಿಂತು, ಮತ್ತೆ ಶುರುವಾಯಿತು.

“ಒಡ್ಡು,” ಎಂದಳು.